ಸರದಿಯೂ ಒಂದು ಅಮಾನತ್

ಮನುಷ್ಯನ ದೇಹವು ಅವನ ಸ್ವಂತ ಸೊತ್ತಲ್ಲ, ಅಲ್ಲಾಹನು ಸ್ವಲ್ಪ ಕಾಲದ ಮಟ್ಟಿಗೆ ಅವನ ವಶಕ್ಕೆ ಒಪ್ಪಿಸಿರುವ ಅಮಾನತ್ ಎಂದು ನಾವು ಮದ್ರಸದ ದಿನಗಳಿಂದಲೂ ಕೇಳುತ್ತಾ ಬಂದಿದ್ದೇವೆ. ಕಣ್ಣು, ಕಿವಿ, ನಾಲಿಗೆಗಳ ಬಗ್ಗೆ ನಾಳೆ ವಿಚಾರಣೆಯಿದೆ ಎಂಬುದೂ ನಮಗೆ ತಿಳಿದಿದೆ. ಆದರೆ ಜಠರದ ಹಿಂದೆ ಮರೆಯಾಗಿ ಮಲಗಿರುವ, ನೂರು ಗ್ರಾಮಿನ ಆಸುಪಾಸು ತೂಗುವ ಮೇದೋಜೀರಕ ಗ್ರಂಥಿಯ ಬಗ್ಗೆ ನಮ್ಮಲ್ಲಿ ಎಷ್ಟು ಮಂದಿ ಯೋಚಿಸಿದ್ದೇವೆ? ಅದು ತನ್ನ ಕೆಲಸವನ್ನು ಸದ್ದಿಲ್ಲದೆ ಮಾಡುತ್ತಿರುವವರೆಗೆ ಅದರ ಹೆಸರೂ ನಮಗೆ ಬೇಕಾಗುವುದಿಲ್ಲ.

ನಮ್ಮ ಕುಟುಂಬದಲ್ಲಿ ಆ ಹೆಸರು ಕಳೆದ 20 ವರ್ಷಗಳಿಂದ ದಿನನಿತ್ಯದ ಮಾತಾಗಿದೆ. ನಮ್ಮ ಅಣ್ಣನ ಮಗನಿಗೆ 9ನೆಯ ವಯಸ್ಸಿನಲ್ಲಿ ಟೈಪ್ 1 ಮಧುಮೇಹ ಇರುವುದು ಪತ್ತೆಯಾಯಿತು. ಇದು ನಮ್ಮ ಹಿರಿಯರಲ್ಲಿ ಸಾಮಾನ್ಯವಾಗಿ ಕಾಣುವ ಸಕ್ಕರೆ ಕಾಯಿಲೆಯಲ್ಲ. ಸಿಹಿ ತಿಂದುದರಿಂದಲೋ ಸೋಮಾರಿತನದಿಂದಲೋ ಬರುವಂಥದ್ದೂ ಅಲ್ಲ. ದೇಹವನ್ನು ಕಾಯಬೇಕಾದ ರಕ್ಷಣಾ ವ್ಯವಸ್ಥೆಯೇ ಇನ್ಸುಲಿನ್ ತಯಾರಿಸುವ ಜೀವಕೋಶಗಳನ್ನು ಶತ್ರುವೆಂದು ಭ್ರಮಿಸಿ ನಾಶಪಡಿಸುತ್ತದೆ. ಆ ಜೀವಕೋಶಗಳು ಗ್ರಂಥಿಯ ಒಳಗೆ ಪುಟ್ಟ ಪುಟ್ಟ ಗುಂಪುಗಳಾಗಿ, ಕಡಲಿನ ದ್ವೀಪಗಳಂತೆ ಚದುರಿಕೊಂಡಿವೆ. 1869ರಲ್ಲಿ ಪಾಲ್ ಲ್ಯಾಂಗರ್‌ಹ್ಯಾನ್ಸ್ ಎಂಬ ಜರ್ಮನಿಯ ವೈದ್ಯಕೀಯ ವಿದ್ಯಾರ್ಥಿ ಅವುಗಳನ್ನು ಮೊದಲು ಗುರುತಿಸಿದ್ದರಿಂದ ಇಂದಿಗೂ ಅವನ್ನು ಅವನ ಹೆಸರಿನಿಂದಲೇ ಕರೆಯುತ್ತಾರೆ. ಇಡೀ ಗ್ರಂಥಿಯಲ್ಲಿ ಅವುಗಳ ಪಾಲು ನೂರಕ್ಕೆ ಒಂದೆರಡು ಮಾತ್ರ. ಆ ಒಂದೆರಡು ಪಾಲು ಇಲ್ಲವಾದರೆ ಮನುಷ್ಯನಿಗೆ ತಿಂದ ಅನ್ನವೂ ದಕ್ಕುವುದಿಲ್ಲ.

1922ರ ಜನವರಿಯಲ್ಲಿ ಕೆನಡಾದ ಟೊರಾಂಟೊದಲ್ಲಿ ಇನ್ಸುಲಿನ್ ಮೊದಲ ಬಾರಿಗೆ ಒಬ್ಬ ಬಾಲಕನ ದೇಹವನ್ನು ಸೇರಿತು. ಅದಕ್ಕೂ ಮೊದಲು ಈ ಕಾಯಿಲೆ ಬಂದ ಮಕ್ಕಳು ಹೆಚ್ಚು ಕಾಲ ಬದುಕುತ್ತಿರಲಿಲ್ಲ. ದಶಕಗಳ ಕಾಲ ಇನ್ಸುಲಿನ್ ದನ ಮತ್ತು ಹಂದಿಯ ಗ್ರಂಥಿಗಳಿಂದಲೇ ಬರುತ್ತಿತ್ತು. ಆಗ ಅದು ನಮ್ಮ ಸಮುದಾಯದ ಅನೇಕ ಮನೆಗಳಲ್ಲಿ ಒಂದು ಕಠಿಣ ಪ್ರಶ್ನೆಯಾಗಿತ್ತು. ಅನಿವಾರ್ಯತೆಯ ಸ್ಥಿತಿಯಲ್ಲಿ ಶರೀಅತ್ ನೀಡುವ ರಿಯಾಯಿತಿಯನ್ನು ಆಧರಿಸಿ ವಿದ್ವಾಂಸರು ಅದಕ್ಕೆ ಉತ್ತರ ಕಂಡುಕೊಂಡರು. 1982ರಿಂದ ಮಾನವ ಇನ್ಸುಲಿನ್ ಮಾರುಕಟ್ಟೆಗೆ ಬಂದ ಮೇಲೆ ಆ ಪ್ರಶ್ನೆ ಬಹುಮಟ್ಟಿಗೆ ಹಿಂದೆ ಸರಿಯಿತು. ವೈದ್ಯಕೀಯವು ಹೊಸ ಪ್ರಶ್ನೆಗಳನ್ನು ತಂದಾಗ ಅವುಗಳಿಗೆ ಬೆನ್ನು ತೋರದೆ ಉತ್ತರ ಹುಡುಕಿದ ಪರಂಪರೆ ನಮ್ಮದು ಎಂಬುದನ್ನು ಇಲ್ಲಿ ನೆನಪಿಸಿಕೊಳ್ಳುವುದು ಉಚಿತ.

ಇನ್ಸುಲಿನ್ ಜೀವ ಉಳಿಸುತ್ತದೆ, ಆದರೆ ಗ್ರಂಥಿಯಂತೆ ಕ್ಷಣಕ್ಷಣಕ್ಕೂ ಸಕ್ಕರೆಯನ್ನು ಅಳೆದು ತೂಗಲಾರದು. ಎಷ್ಟೇ ಜಾಗರೂಕತೆ ವಹಿಸಿದರೂ ವರ್ಷಗಳು ಕಳೆದಂತೆ ಕೆಲವರಲ್ಲಿ ಕಣ್ಣು, ನರ ಮತ್ತು ಮೂತ್ರಪಿಂಡಗಳು ಸೋಲತೊಡಗುತ್ತವೆ. ನಮ್ಮ ಹುಡುಗನಿಗೂ ಹಾಗೆಯೇ ಆಯಿತು. ಈಗ 29ರ ಪ್ರಾಯದಲ್ಲಿ ವಾರಕ್ಕೆ ಮೂರು ದಿನ ಅವನು ಡಯಾಲಿಸಿಸ್ ಯಂತ್ರದ ಪಕ್ಕದಲ್ಲಿ ಮಲಗುತ್ತಾನೆ. ಅವನ ತಾಯಿ ತನ್ನ ಮೂತ್ರಪಿಂಡ ಕೊಡಲು ಮುಂದಾದರು. ಅವರಿಗೂ ಸಕ್ಕರೆ ಕಾಯಿಲೆ ಇದ್ದುದರಿಂದ ವೈದ್ಯರು ಒಪ್ಪಲಿಲ್ಲ. ಕೊನೆಗೆ ಒಬ್ಬನೇ ಮೃತ ದಾನಿಯಿಂದ ಮೂತ್ರಪಿಂಡ ಮತ್ತು ಮೇದೋಜೀರಕ ಗ್ರಂಥಿ ಎರಡನ್ನೂ ಒಟ್ಟಿಗೆ ಕಸಿ ಮಾಡುವ ಪಟ್ಟಿಯಲ್ಲಿ ಅವನ ಹೆಸರು ಸೇರಿತು. ಇಂತಹ ಕಸಿಯನ್ನು 1966ರ ಡಿಸೆಂಬರ್‌ನಲ್ಲಿ ಅಮೆರಿಕದ ಮಿನೆಸೋಟ ವಿಶ್ವವಿದ್ಯಾಲಯದಲ್ಲಿ ವಿಲಿಯಂ ಕೆಲ್ಲಿ ಮತ್ತು ರಿಚರ್ಡ್ ಲಿಲ್ಲೆಹೈ ಎಂಬ ಶಸ್ತ್ರವೈದ್ಯರು ಮೊದಲು ನಡೆಸಿದರು. ನಮ್ಮ ದೇಶದಲ್ಲಿ ಇಂದಿಗೂ ಕೆಲವೇ ಕೇಂದ್ರಗಳಲ್ಲಿ ಅದು ನಡೆಯುತ್ತದೆ.

ಪಟ್ಟಿಯಲ್ಲಿ ಹೆಸರು ಸೇರಿದ ಮೇಲೆ ನಾವು ಕಲಿತದ್ದನ್ನು, ನಮ್ಮೊಳಗೆ ಎದ್ದ ಪ್ರಶ್ನೆಗಳನ್ನು ಓದುಗ ಬಂಧುಗಳ ಮುಂದಿಡುವುದು ಈ ಬರಹದ ಉದ್ದೇಶ.

ಯಾರ ಗ್ರಂಥಿ ಯಾರಿಗೆ?

ದಾನಿ ದೊರೆತರೆ ಸಾಕು, ಅಂಗ ದೊರೆತಂತೆಯೇ ಎಂದು ಹೊರಗಿನವರಿಗೆ ಅನಿಸುತ್ತದೆ. ಮೇದೋಜೀರಕ ಗ್ರಂಥಿಯ ವಿಷಯದಲ್ಲಿ ಹಾಗಲ್ಲ. ಅದು ಬಹಳ ಮೃದುವಾದ, ಸುಲಭವಾಗಿ ಘಾಸಿಗೊಳ್ಳುವ ಅಂಗ. ಆಹಾರವನ್ನು ಜೀರ್ಣಿಸುವ ತೀಕ್ಷ್ಣ ರಸಗಳು ಅದರೊಳಗೇ ಇವೆ. ಒರಟಾಗಿ ಮುಟ್ಟಿದರೆ ಆ ರಸಗಳೇ ಅದನ್ನು ಕೆಡಿಸಬಲ್ಲವು. ಆದ್ದರಿಂದ ಇತರ ಅಂಗಗಳಿಗಿಂತ ಇದರ ದಾನಿಯ ಆಯ್ಕೆ ಹೆಚ್ಚು ಕಠಿಣ. ದಾನಿಗೆ ಮಧುಮೇಹ ಇರಬಾರದು. ಗ್ರಂಥಿಗೆ ಹಿಂದೆ ಉರಿಯೂತವಾಗಿರಬಾರದು. ಮದ್ಯಪಾನದಿಂದ ಅದು ಹಾಳಾಗಿರಬಾರದು. ಪ್ರಾಯ ಸಾಮಾನ್ಯವಾಗಿ 50ರೊಳಗಿರಬೇಕು. ಎತ್ತರಕ್ಕೆ ತಕ್ಕ ತೂಕವನ್ನು ಸೂಚಿಸುವ ಬಿಎಂಐ 30ನ್ನು ಮೀರಿರಬಾರದು, ಏಕೆಂದರೆ ಸ್ಥೂಲಕಾಯದವರ ಗ್ರಂಥಿಯಲ್ಲಿ ಕೊಬ್ಬು ತುಂಬಿರುತ್ತದೆ. ರಕ್ತದ ಗುಂಪು ಹೊಂದಬೇಕು. ಪಡೆಯುವವನ ರಕ್ತದಲ್ಲಿ ದಾನಿಯ ಅಂಗವನ್ನು ವಿರೋಧಿಸುವ ಪ್ರತಿಕಾಯಗಳಿವೆಯೇ ಎಂದು ಪರೀಕ್ಷಿಸಬೇಕು. ಇವೆಲ್ಲ ಸರಿಯಾದರೂ ಅಂತಿಮ ತೀರ್ಮಾನ ಶಸ್ತ್ರವೈದ್ಯನ ಕಣ್ಣು ಮತ್ತು ಕೈಯದು. ಹೊಟ್ಟೆ ತೆರೆದು ಗ್ರಂಥಿಯನ್ನು ಕಂಡ ಮೇಲೆ ಬೇಡವೆಂದು ಬಿಟ್ಟುಬಿಡುವ ಸಂದರ್ಭಗಳೂ ಸಾಕಷ್ಟಿವೆ. ಹೊರತೆಗೆದ ಗ್ರಂಥಿಯನ್ನು ಮಂಜಿನ ತಂಪಿನಲ್ಲಿಟ್ಟು ಸಾಧ್ಯವಾದಷ್ಟು 12 ಗಂಟೆಗಳೊಳಗೆ ಇನ್ನೊಂದು ದೇಹಕ್ಕೆ ಜೋಡಿಸಬೇಕು.

ಹಾಗಾದರೆ ವಯಸ್ಸಾದ ಅಥವಾ ದಪ್ಪ ದೇಹದ ದಾನಿಯ ಗ್ರಂಥಿ ವ್ಯರ್ಥವೇ? ಅಲ್ಲ. ಅಲ್ಲಾಹನು ಮನುಷ್ಯನಿಗೆ ಇನ್ನೊಂದು ದಾರಿಯನ್ನು ತಿಳಿಸಿಕೊಟ್ಟಿದ್ದಾನೆ. ಇಡೀ ಗ್ರಂಥಿಯ ಬದಲು, ಅದರೊಳಗಿನ ಐಲೆಟ್ ಎಂಬ ಆ ದ್ವೀಪಗಳನ್ನು ಮಾತ್ರ ಕಿಣ್ವಗಳ ಸಹಾಯದಿಂದ ಬೇರ್ಪಡಿಸಿ, ಪಡೆಯುವವನ ಯಕೃತ್ತಿಗೆ ಹೋಗುವ ರಕ್ತನಾಳಕ್ಕೆ ಹರಿಸುತ್ತಾರೆ. ದೊಡ್ಡ ಶಸ್ತ್ರಚಿಕಿತ್ಸೆ ಬೇಕಿಲ್ಲ. ಇದಕ್ಕೆ ದಪ್ಪ ದೇಹದ ದಾನಿಯ ದೊಡ್ಡ ಗ್ರಂಥಿಯೇ ಹೆಚ್ಚು ಅನುಕೂಲ. 2000ದಲ್ಲಿ ಕೆನಡಾದ ಎಡ್ಮಂಟನ್ ನಗರದಲ್ಲಿ ಜೇಮ್ಸ್ ಶಪಿರೊ ಮತ್ತು ಸಂಗಡಿಗರು ಈ ವಿಧಾನದಿಂದ 7 ಮಂದಿಯನ್ನು ಇನ್ಸುಲಿನ್ ಚುಚ್ಚುಮದ್ದಿನಿಂದ ಮುಕ್ತಗೊಳಿಸಿದ ವಾರ್ತೆ ಜಗತ್ತಿಗೆ ದೊಡ್ಡ ಆಸೆಯನ್ನು ತಂದಿತು. ಆದರೆ ಒಬ್ಬ ರೋಗಿಗೆ ಸಾಮಾನ್ಯವಾಗಿ ಎರಡು ಅಥವಾ ಹೆಚ್ಚು ದಾನಿಗಳ ಐಲೆಟ್‌ಗಳು ಬೇಕಾದವು. ಐದು ವರ್ಷಗಳ ಬಳಿಕ ಇನ್ಸುಲಿನ್ ಇಲ್ಲದೆ ಉಳಿದವರು ನೂರಕ್ಕೆ ಹತ್ತರಷ್ಟು ಮಾತ್ರ. ಆದರೂ ಸಕ್ಕರೆಯ ಮಟ್ಟ ದಿಢೀರನೆ ಕುಸಿದು ಪ್ರಜ್ಞೆ ತಪ್ಪುವ ಅಪಾಯದಿಂದ ಅನೇಕರು ಪಾರಾದರು. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2023ರಲ್ಲಿ ಇಂತಹ ಒಂದು ಐಲೆಟ್ ಚಿಕಿತ್ಸೆಗೆ ಅನುಮತಿ ನೀಡಿತು. ಮೂತ್ರಪಿಂಡವೂ ಸೋತಿರುವ ನಮ್ಮ ಹುಡುಗನಿಗೆ ವೈದ್ಯರು ಈ ದಾರಿಯನ್ನು ಸೂಚಿಸಲಿಲ್ಲ.

ಹೀಗೆ ಒಂದೇ ಗ್ರಂಥಿಗೆ ಇಬ್ಬರು ಹಕ್ಕುದಾರರು: ಇಡೀ ಗ್ರಂಥಿ ಬೇಕಾದವನು ಮತ್ತು ಅದರೊಳಗಿನ ಐಲೆಟ್‌ಗಳು ಮಾತ್ರ ಬೇಕಾದವನು. ಯಾರಿಗೆ ಮೊದಲು? ಅಮೆರಿಕದ ನಿಯಮವು ಪ್ರಾಯ 50ರೊಳಗೆ ಮತ್ತು ಬಿಎಂಐ 30ರೊಳಗೆ ಇರುವ ದಾನಿಯ ಗ್ರಂಥಿಯನ್ನು ಮೊದಲು ಇಡೀ ಗ್ರಂಥಿ ಬೇಕಾದವರಿಗೆ ನೀಡುತ್ತದೆ. ಆ ಮಿತಿಗಳನ್ನು ದಾಟಿದ ದಾನಿಯದನ್ನು ಐಲೆಟ್ ರೋಗಿಗಳ ಕಡೆಗೂ ಬೇಗನೆ ತಿರುಗಿಸುತ್ತದೆ. ಬ್ರಿಟನ್ನಿನಲ್ಲಿ 2010ರಿಂದ ಇಬ್ಬರನ್ನೂ ಒಂದೇ ರಾಷ್ಟ್ರೀಯ ಪಟ್ಟಿಯಲ್ಲಿಟ್ಟು ಅಂಕ ನೀಡುತ್ತಾರೆ. ಎಷ್ಟು ಕಾಲ ಕಾದಿದ್ದಾನೆ, ಡಯಾಲಿಸಿಸ್‌ನಲ್ಲಿದ್ದಾನೆಯೇ, ಅಂಗಾಂಶ ಎಷ್ಟು ಹೊಂದುತ್ತದೆ, ಹೊಂದುವ ದಾನಿ ಸಿಗುವುದು ಎಷ್ಟು ದುರ್ಲಭ, ಗ್ರಂಥಿ ಸಾಗಬೇಕಾದ ದೂರವೆಷ್ಟು, ದಾನಿಯ ದೇಹ ಯಾವ ಬಗೆಯ ಕಸಿಗೆ ತಕ್ಕದ್ದು ಎಂಬುದನ್ನೆಲ್ಲ ತೂಗಿ ನೋಡುತ್ತಾರೆ. ಆ ತಕ್ಕಡಿಯಲ್ಲಿ ಹೆಸರಿಗಾಗಲಿ, ಜಾತಿ ಧರ್ಮಕ್ಕಾಗಲಿ, ಹಣಕ್ಕಾಗಲಿ ಅಂಕವಿಲ್ಲ.

ನಮ್ಮ ದೇಶದಲ್ಲಿ ಇದೆಲ್ಲ 1994ರ ಮಾನವ ಅಂಗಾಂಗ ಕಸಿ ಕಾಯಿದೆ ಮತ್ತು ಅದರ 2011ರ ತಿದ್ದುಪಡಿಯ ಅಡಿಯಲ್ಲಿ ನಡೆಯುತ್ತದೆ. ಅಂಗದ ಮಾರಾಟ ಅಪರಾಧ. ಕರ್ನಾಟಕದಲ್ಲಿ ಮೃತ ದಾನಿಗಳ ಅಂಗಗಳ ಹಂಚಿಕೆಯನ್ನು ಸರಕಾರದ ಜೀವಸಾರ್ಥಕತೆ ಸಂಸ್ಥೆ ನೋಡಿಕೊಳ್ಳುತ್ತದೆ. ಬೇರೆ ರಾಜ್ಯದಲ್ಲಿ ಹೆಸರು ನೋಂದಾಯಿಸಲು ಆ ರಾಜ್ಯದ ನಿವಾಸಿಯೇ ಆಗಿರಬೇಕೆಂಬ ನಿಬಂಧನೆಯನ್ನು ಕೈಬಿಡುವಂತೆ ಕೇಂದ್ರ ಸರಕಾರ 2023ರಲ್ಲಿ ರಾಜ್ಯಗಳಿಗೆ ತಿಳಿಸಿತು. ಊರು ಬಿಟ್ಟು ದುಡಿಯುವ ನಮ್ಮ ಕುಟುಂಬಗಳಿಗೆ ಇದು ಸಣ್ಣ ಸಂಗತಿಯಲ್ಲ.

ನೀರಿನ ಸರದಿ

ಹಂಚಿಕೆಯ ಈ ನಿಯಮಗಳನ್ನು ಓದುವಾಗ ನಮಗೆ ಪ್ರವಾದಿ(ಸ)ರ ಕಾಲದ ಒಂದು ವ್ಯಾಜ್ಯ ನೆನಪಾಯಿತು. ಮದೀನಾದ ಹರ್‍ರಾ ಎಂಬ ಕಲ್ಲುನೆಲದಿಂದ ಹರಿದು ಬರುವ ನೀರಿನ ವಿಷಯದಲ್ಲಿ ಝುಬೈರ್(ರ) ಮತ್ತು ಒಬ್ಬ ಅನ್ಸಾರಿಯ ನಡುವೆ ತಕರಾರಾಯಿತು. ಝುಬೈರರ(ರ) ತೋಟ ಮೇಲ್ಭಾಗದಲ್ಲಿತ್ತು. ಅವರು ತಮ್ಮ ತೋಟಕ್ಕೆ ನೀರುಣಿಸಿ ಬಳಿಕ ನೆರೆಯವನಿಗೆ ಬಿಡಬೇಕೆಂದು ಪ್ರವಾದಿ(ಸ) ತೀರ್ಪಿತ್ತರು. ಝುಬೈರರು(ರ) ಪ್ರವಾದಿ(ಸ)ರ ಸೋದರತ್ತೆಯ ಮಗನಾದ್ದರಿಂದಲೇ ಈ ತೀರ್ಪು ಎಂದು ಅನ್ಸಾರಿ ಆಡಿದ ಮಾತಿಗೆ ಪ್ರವಾದಿ(ಸ)ರ ಮುಖವೇ ಬದಲಾಯಿತು ಎಂದು ಸಹೀಹ್ ಬುಖಾರಿಯಲ್ಲಿದೆ. ಕೊರತೆಯಿರುವಲ್ಲಿ ಸರದಿ ಬೇಕು. ಸರದಿಗೆ ಎಲ್ಲರಿಗೂ ತಿಳಿದ ನಿಯಮ ಬೇಕು. ಆ ನಿಯಮ ನಂಟಸ್ತಿಕೆಯನ್ನು ನೋಡಬಾರದು. ಆದರೂ ಕಳೆದುಕೊಂಡವನಿಗೆ ಪಕ್ಷಪಾತದ ಸಂಶಯ ಬರುವುದು ಮನುಷ್ಯ ಸಹಜ. ಇಷ್ಟೂ ಪಾಠಗಳು ಆ ಒಂದೇ ಘಟನೆಯಲ್ಲಿವೆ.

ಸಂಶಯವನ್ನು ಅನುಭವಿಸುವ ಸ್ಥಾನದಲ್ಲಿ ಮಾತ್ರವಲ್ಲ, ಅದಕ್ಕೆ ಗುರಿಯಾಗುವ ಸ್ಥಾನದಲ್ಲೂ ನಾವಿದ್ದೇವೆ. ಡಯಾಲಿಸಿಸ್ ಕೋಣೆಯಲ್ಲಿ ನಮ್ಮ ಹುಡುಗನ ಪಕ್ಕದ ಹಾಸಿಗೆಯಲ್ಲಿ ಹಿರಿಯರೊಬ್ಬರಿದ್ದಾರೆ. ಮೂತ್ರಪಿಂಡಕ್ಕಾಗಿ ಅವರು ಕಾಯುತ್ತಿರುವುದು ಇವನಿಗಿಂತ ಎಷ್ಟೋ ಮೊದಲಿನಿಂದ. ಎರಡು ಅಂಗಗಳು ಒಟ್ಟಿಗೆ ಬೇಕಾದವನಿಗೆ ಹೊಂದುವ ದಾನಿ ಬಂದಾಗ ಒಂದು ಮೂತ್ರಪಿಂಡವು ಮೇದೋಜೀರಕ ಗ್ರಂಥಿಯ ಜೊತೆಗೇ ಹೋಗುತ್ತದೆ. "ನನ್ನ ಸರದಿ ಮೊದಲು ಬಂದರೆ ಅವರದ್ದನ್ನು ಕಸಿದುಕೊಂಡಂತೆ ಆಗುವುದಿಲ್ಲವೇ ಚಿಕ್ಕಪ್ಪಾ?" ಎಂದು ಅವನು ಒಂದು ದಿನ ಕೇಳಿದನು. ದಾನಿಗೆ ಎರಡು ಮೂತ್ರಪಿಂಡಗಳಿರುತ್ತವೆ, ಇನ್ನೊಂದು ಅವರಂತೆ ಮೂತ್ರಪಿಂಡ ಮಾತ್ರ ಕಾಯುವವರ ಪಾಲಿಗೇ ಹೋಗುತ್ತದೆ ಎಂದು ನಾವು ಹೇಳಿದೆವು. ಅವನಿಗೆ ಅಷ್ಟರಿಂದ ಸಮಾಧಾನವಾಗಲಿಲ್ಲ. ನಿಯಮವನ್ನು ಮಾಡಿದವರು ಅವನ ಮುಖವನ್ನೂ ನೋಡಿಲ್ಲ, ಆ ಹಿರಿಯರ ಮುಖವನ್ನೂ ನೋಡಿಲ್ಲ. ಆದ್ದರಿಂದಲೇ ಅದನ್ನು ಇಬ್ಬರೂ ತಲೆಯೆತ್ತಿ ಒಪ್ಪಿಕೊಳ್ಳಬಹುದು ಎಂದಾಗ ಮಾತ್ರ ಅವನು ತಲೆದೂಗಿದನು.

ಇದೇ ಸಮಯದಲ್ಲಿ ದೂರದ ಬಂಧುವೊಬ್ಬರು ಪ್ರಭಾವಶಾಲಿಯೊಬ್ಬರ ಪರಿಚಯವಿದೆ, ಹೆಸರನ್ನು ಸ್ವಲ್ಪ ಮೇಲಕ್ಕೆ ತರಿಸಬಹುದೇ ಎಂದು ವಿಚಾರಿಸೋಣ ಎಂದರು. ಅವರ ಮಾತಿನಲ್ಲಿ ಪ್ರೀತಿಯಿತ್ತು. ಆದರೆ ಅಣ್ಣ ಒಪ್ಪಲಿಲ್ಲ. ಮಖ್‌ಝೂಮ್ ಗೋತ್ರದ ಪ್ರತಿಷ್ಠಿತ ಮಹಿಳೆಯೊಬ್ಬಳ ಕಳ್ಳತನದ ಪ್ರಕರಣದಲ್ಲಿ ಶಿಫಾರಸು ಮಾಡಲು ಉಸಾಮ(ರ)ರನ್ನು ಕಳುಹಿಸಿದಾಗ ಪ್ರವಾದಿ(ಸ) ಎಷ್ಟು ಕಟುವಾಗಿ ಎಚ್ಚರಿಸಿದರೆಂಬುದು ನಮಗೆ ಗೊತ್ತಿದೆ. ಪ್ರತಿಷ್ಠಿತರಿಗೊಂದು, ದುರ್ಬಲರಿಗೊಂದು ನ್ಯಾಯ ಮಾಡಿದ್ದೇ ಹಿಂದಿನ ಜನಾಂಗಗಳ ನಾಶಕ್ಕೆ ಕಾರಣವೆಂದು ಅವರು ಕಲಿಸಿದರು. ಅಪರಾಧದ ಶಿಕ್ಷೆಯಲ್ಲಿ ಶಿಫಾರಸು ಸಲ್ಲದೆಂದಾದರೆ, ಇನ್ನೊಬ್ಬನ ಉಸಿರನ್ನು ತಡಮಾಡುವ ಶಿಫಾರಸು ಹೇಗೆ ಸಲ್ಲುತ್ತದೆ? ಪಟ್ಟಿಯಲ್ಲಿರುವ ಪ್ರತಿಯೊಬ್ಬನ ಸರದಿಯೂ ಉಳಿದವರ ಕೈಯಲ್ಲಿರುವ ಅಮಾನತ್.

ಕಾಯುವುದೆಂದರೆ ಏನನ್ನು ಬಯಸುವುದು?

ಇನ್ನೊಂದು ಪ್ರಶ್ನೆ ಇದಕ್ಕಿಂತಲೂ ಆಳವಾದದ್ದು. ಮೇಲೆ ಹೇಳಿದ ಎಲ್ಲ ಲಕ್ಷಣಗಳನ್ನು ಒಟ್ಟುಗೂಡಿಸಿ ನೋಡಿ: ಚಿಕ್ಕ ಪ್ರಾಯ, ಹದವಾದ ದೇಹ, ಕಾಯಿಲೆಯಿಲ್ಲದ ಬದುಕು. ನಮ್ಮ ರಸ್ತೆಗಳಲ್ಲಿ ತಲೆಗೆ ಏಟು ಬಿದ್ದು ಆಸ್ಪತ್ರೆ ಸೇರುವ ಯುವಕರ ಚಿತ್ರವದು. ನಮ್ಮ ಹುಡುಗನಿಗೆ ಹೊಂದುವ ಗ್ರಂಥಿಯೆಂದರೆ ಅವನದೇ ಪ್ರಾಯದ ಯಾರದೋ ಮನೆಯ ಮಗನ ಗ್ರಂಥಿ. ಹಾಗಾದರೆ "ಯಾ ಅಲ್ಲಾಹ್, ಬೇಗ ದಾನಿಯನ್ನು ಕೊಡು" ಎಂದು ದುಆ ಮಾಡುವುದರ ಅರ್ಥವೇನು?

ಅಣ್ಣ ಈ ಸಂಕಟವನ್ನು ತಾಳಲಾರದೆ ತನ್ನದೇ ಗ್ರಂಥಿಯ ಅರ್ಧ ಭಾಗವನ್ನು ತೆಗೆದುಕೊಳ್ಳಿ ಎಂದು ವೈದ್ಯರಲ್ಲಿ ಕೇಳಿಕೊಂಡನು. ಜೀವಂತ ಬಂಧುಗಳಿಂದ ಗ್ರಂಥಿಯ ಭಾಗವನ್ನು ತೆಗೆಯುವ ಪ್ರಯತ್ನ 1979ರಿಂದ ಮಿನೆಸೋಟದಲ್ಲಿ ನಡೆದಿತ್ತು, ಆದರೆ ಕೊಟ್ಟವರೇ ಮಧುಮೇಹಿಗಳಾಗುವ ಅಪಾಯವಿರುವುದರಿಂದ ಈಗ ಅದು ತೀರಾ ವಿರಳ ಎಂದು ಅವರು ವಿವರಿಸಿದರು. ಒಂದು ಹಾನಿಯನ್ನು ಅದರಂತಹದೇ ಇನ್ನೊಂದು ಹಾನಿಯಿಂದ ನೀಗಬಾರದೆಂಬುದು ನಮ್ಮ ಫಿಕ್ಹ್ ಶಾಸ್ತ್ರದ ಪ್ರಸಿದ್ಧ ಸೂತ್ರ. ವೈದ್ಯರ ಮಾತೂ ಉಸ್ತಾದರ ಮಾತೂ ಇಲ್ಲಿ ಒಂದೇ ಆಗಿತ್ತು.

ದುಆದ ಬಗ್ಗೆ ನಮ್ಮ ಮೊಹಲ್ಲಾದ ಖತೀಬರನ್ನು ಕೇಳಿದೆವು. ಅವರು ಹೇಳಿದ್ದು ಸರಳವಾಗಿತ್ತು. ಮರಣದ ಗಳಿಗೆ ಅಲ್ಲಾಹನ ಬಳಿ ನಿಶ್ಚಿತವಾಗಿದೆ. ನಮ್ಮ ಬಯಕೆಯಿಂದ ಅದು ಹಿಂದೆಯೂ ಬರದು, ಮುಂದೆಯೂ ಹೋಗದು. ಯಾರ ಮರಣವನ್ನೂ ಬೇಡಬಾರದು. ವಿಧಿ ಬಂದೊದಗಿದ ಮನೆಯವರಿಗೆ ಸಹನೆಯನ್ನೂ, ಆ ಗಳಿಗೆಯಲ್ಲಿ ಇನ್ನೊಬ್ಬರನ್ನು ನೆನೆಯುವ ವಿಶಾಲ ಹೃದಯವನ್ನೂ ಕೊಡೆಂದು ಬೇಡಬೇಕು. ಅಂದಿನಿಂದ ನಮ್ಮ ಮನೆಯಲ್ಲಿ ದುಆದ ಮಾತುಗಳು ಬದಲಾದವು. ನಾವು ನೋಡದ, ಮುಂದೆಯೂ ನೋಡಲಾರದ ಒಂದು ಕುಟುಂಬಕ್ಕಾಗಿ ನಮ್ಮ ಮಕ್ಕಳು ಮಗ್ರಿಬ್ ಬಳಿಕ ಕೈಯೆತ್ತುತ್ತಾರೆ.

ವಿದ್ವಾಂಸರ ಮಾತು

ಅಂಗಾಂಗ ಕಸಿಯ ಬಗ್ಗೆ ವಿದ್ವಾಂಸರಲ್ಲಿ ಭಿನ್ನಾಭಿಪ್ರಾಯವಿದೆ. ಅದನ್ನು ಮರೆಮಾಚುವುದು ಪ್ರಾಮಾಣಿಕತೆಯಲ್ಲ. ಮೃತದೇಹಕ್ಕೂ ಜೀವಂತ ದೇಹಕ್ಕಿರುವ ಘನತೆಯಿದೆಯೆಂದು ಪ್ರವಾದಿ(ಸ) ಕಲಿಸಿದ್ದಾರೆ. ಇದನ್ನೂ, ದೇಹ ನಮ್ಮ ಸೊತ್ತಲ್ಲ ಎಂಬ ತತ್ವವನ್ನೂ ಆಧರಿಸಿ ಪಾಕಿಸ್ತಾನದ ಮುಫ್ತಿ ಮುಹಮ್ಮದ್ ಶಫೀ ಮತ್ತು ಉಪಖಂಡದ ಇನ್ನೂ ಅನೇಕ ವಿದ್ವಾಂಸರು ಕಸಿಯನ್ನು ಒಪ್ಪಲಿಲ್ಲ. ಇನ್ನೊಂದೆಡೆ ಸೌದಿ ಅರೇಬಿಯದ ಹಿರಿಯ ಉಲಮಾ ಮಂಡಳಿ 1982ರಲ್ಲಿ ಅಂಗದಾನಕ್ಕೆ ಅನುಮತಿ ನೀಡಿತು. ಮುಸ್ಲಿಮ್ ರಾಷ್ಟ್ರಗಳ ಒಕ್ಕೂಟದ ಫಿಕ್ಹ್ ಅಕಾಡೆಮಿಯು 1986ರಲ್ಲಿ ಅಮ್ಮಾನಿನಲ್ಲಿ ಮಿದುಳು ಸಾವಿನ ಬಗ್ಗೆ, 1988ರಲ್ಲಿ ಜಿದ್ದಾದಲ್ಲಿ ಕಸಿಯ ಬಗ್ಗೆ ನಿರ್ಣಯ ಕೈಗೊಂಡಿತು. ಪಡೆಯುವವನ ಜೀವವೋ ದೇಹದ ಒಂದು ಮೂಲಭೂತ ಕಾರ್ಯವೋ ಆ ಅಂಗವನ್ನು ಅವಲಂಬಿಸಿದ್ದರೆ, ಮೃತನು ಮೊದಲೇ ಒಪ್ಪಿದ್ದರೆ ಅಥವಾ ವಾರಸುದಾರರು ಒಪ್ಪಿದರೆ, ವ್ಯಾಪಾರದ ಸೋಂಕು ಇಲ್ಲದಿದ್ದರೆ ಕಸಿ ಅನುಮತಿಸಲ್ಪಟ್ಟಿದೆ ಎಂಬುದು ಜಿದ್ದಾ ನಿರ್ಣಯದ ಸಾರ. ಮಿದುಳು ಸಾವನ್ನು ಪೂರ್ಣ ಮರಣವೆಂದು ಪರಿಗಣಿಸುವ ವಿಷಯದಲ್ಲಿ ಮಕ್ಕಾದ ಫಿಕ್ಹ್ ಮಂಡಳಿ ಹೆಚ್ಚು ಎಚ್ಚರಿಕೆಯ ನಿಲುವು ತಾಳಿತು.

ಯುದ್ಧದಲ್ಲಿ ಮೂಗು ಕಳೆದುಕೊಂಡ ಅರ್ಫಜ(ರ) ಎಂಬ ಸಹಾಬಿ ಬೆಳ್ಳಿಯ ಮೂಗನ್ನು ಹಾಕಿಸಿಕೊಂಡು, ಅದರಿಂದ ದುರ್ವಾಸನೆ ಬಂದಾಗ ಚಿನ್ನದ್ದನ್ನು ಹಾಕಿಸಿಕೊಳ್ಳಲು ಪ್ರವಾದಿ(ಸ) ಹೇಳಿದ ಘಟನೆಯನ್ನು ಈ ಚರ್ಚೆಗಳಲ್ಲಿ ಉಲ್ಲೇಖಿಸುವುದುಂಟು. ಪುರುಷರಿಗೆ ಚಿನ್ನ ನಿಷಿದ್ಧ. ಆದರೂ ದೇಹದ ಭಂಗವನ್ನು ಸರಿಪಡಿಸುವ ಅಗತ್ಯಕ್ಕೆ ಅಲ್ಲಿ ದಾರಿ ತೆರೆಯಿತು.

ಮೇದೋಜೀರಕ ಗ್ರಂಥಿಯ ವಿಷಯದಲ್ಲಿ 'ಅಗತ್ಯ' ಎಂಬ ಮಾತಿಗೆ ವಿಶೇಷ ತೂಕವಿದೆ. ಹೃದಯ ಸೋತವನಿಗೆ ಬೇರೆ ಮಾರ್ಗ ಕಡಿಮೆ. ಮಧುಮೇಹಿಗೆ ಇನ್ಸುಲಿನ್ ಇದೆ. ಕಸಿಯಾದವನು ದೇಹದ ರೋಗನಿರೋಧಕ ಶಕ್ತಿಯನ್ನು ತಗ್ಗಿಸುವ ಔಷಧಗಳನ್ನು ದಿನವೂ ತಪ್ಪದೆ ಸೇವಿಸಬೇಕು. ಸೋಂಕಿನ ಅಪಾಯ ಸದಾ ಬೆನ್ನ ಹಿಂದಿರುತ್ತದೆ. ಆದ್ದರಿಂದ ವೈದ್ಯರು ಎಲ್ಲ ಮಧುಮೇಹಿಗಳಿಗೂ ಇದನ್ನು ಸೂಚಿಸುವುದಿಲ್ಲ. ಮೂತ್ರಪಿಂಡದ ಕಸಿಗಾಗಿ ಆ ಔಷಧಗಳನ್ನು ಹೇಗೂ ಸೇವಿಸಬೇಕಾದವರಿಗೆ, ಇಲ್ಲವೇ ಸಕ್ಕರೆ ಕುಸಿಯುವುದು ಅರಿವಿಗೇ ಬಾರದೆ ಪ್ರಾಣಾಪಾಯಕ್ಕೆ ಗುರಿಯಾಗುವವರಿಗೆ ಮಾತ್ರ ಮುಖ್ಯವಾಗಿ ಸೂಚಿಸುತ್ತಾರೆ. ನಿಜವಾದ ಅಗತ್ಯವನ್ನು ಬಯಕೆಯಿಂದ ಬೇರ್ಪಡಿಸುವ ಈ ಶ್ರಮ ಫುಕಹಾಗಳ ಶ್ರಮಕ್ಕೆ ಎಷ್ಟು ಹತ್ತಿರವಾಗಿದೆ!

ಉಮ್ಮನ ಪ್ರಶ್ನೆ

ಈ ಎಲ್ಲ ಚರ್ಚೆ ಮನೆಯಲ್ಲಿ ನಡೆಯುತ್ತಿದ್ದಾಗ ಎಂಬತ್ತು ದಾಟಿದ ನಮ್ಮ ಉಮ್ಮ ಮೌನವಾಗಿ ತಸ್ಬೀಹ್ ಎಣಿಸುತ್ತಿದ್ದರು. ಒಂದು ರಾತ್ರಿ ಅವರು ಕೇಳಿದರು: "ಬೇರೆಯವರ ಮನೆಯ ಮಯ್ಯಿತ್‌ನಿಂದ ನಮ್ಮ ಮಗುವಿಗೆ ಬೇಕು. ನಾಳೆ ನಮ್ಮ ಮನೆಯಲ್ಲಿ ಮಯ್ಯಿತ್ ಆದರೆ ಬೇರೆಯವರ ಮಗುವಿಗೆ ಏನು ಹೇಳುತ್ತೀರಿ?"

ಕೋಣೆಯಲ್ಲಿ ಯಾರೂ ಕೂಡಲೇ ಮಾತಾಡಲಿಲ್ಲ. ಫತ್ವಾಗಳ ಚರ್ಚೆಯಲ್ಲಿ ಪಡೆಯುವುದರ ಸಿಂಧುತ್ವವನ್ನು ಹುಡುಕುವವರು ಬಹಳ. ಕೊಡುವುದರ ಸಿಂಧುತ್ವವನ್ನು ಹುಡುಕುವವರು ಕಡಿಮೆ. ಪಡೆಯುವುದು ಹಲಾಲ್, ಕೊಡುವುದು ಮಾತ್ರ ಬೇಡ ಎಂಬ ನಿಲುವಿಗೆ ಯಾವ ಮದ್‌ಹಬ್‌ನಲ್ಲಿ ಆಧಾರವಿದೆ? ಕಸಿಯನ್ನು ಒಪ್ಪದ ವಿದ್ವಾಂಸರ ನಿಲುವನ್ನು ಪೂರ್ಣವಾಗಿ ಅನುಸರಿಸುವವರು ಪಡೆಯುವುದರಿಂದಲೂ ದೂರವಿರುತ್ತಾರೆ. ಅವರ ನಿಷ್ಠೆಯನ್ನು ನಾವು ಗೌರವಿಸುತ್ತೇವೆ. ಆದರೆ ಒಂದು ಕೈ ಚಾಚಿ ಇನ್ನೊಂದು ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಳ್ಳುವುದು ತಕ್ಕಡಿಯಲ್ಲಿ ಮೋಸ ಮಾಡಿದಂತೆ. ತಾವು ಪಡೆಯುವಾಗ ಪೂರ್ತಿ ಅಳೆದುಕೊಂಡು, ಕೊಡುವಾಗ ಕಡಿಮೆ ಮಾಡುವವರ ಬಗ್ಗೆ ಕುರ್‌ಆನ್ ಒಂದು ಅಧ್ಯಾಯದ ಆರಂಭದಲ್ಲೇ ಎಚ್ಚರಿಕೆ ನೀಡಿದೆ.

ಭಾರತದಲ್ಲಿ ಮರಣಾನಂತರ ಅಂಗ ನೀಡುವವರ ಸಂಖ್ಯೆ ಪ್ರತಿ ಹತ್ತು ಲಕ್ಷ ಜನಸಂಖ್ಯೆಗೆ ಒಬ್ಬರಿಗಿಂತಲೂ ಕಡಿಮೆ. ಸ್ಪೇನಿನಲ್ಲಿ 2023ರಲ್ಲಿ ಅದು ಸುಮಾರು 49. ಪಟ್ಟಿಯ ನಿಯಮ ಎಷ್ಟೇ ನ್ಯಾಯಯುತವಾಗಿರಲಿ, ಹಂಚಲು ಏನೂ ಇಲ್ಲದಿದ್ದರೆ ಆ ನ್ಯಾಯ ಕಾಗದದಲ್ಲೇ ಉಳಿಯುತ್ತದೆ. ಒಂದು ಜೀವವನ್ನು ಉಳಿಸಿದವನ ಸ್ಥಾನ ಎಷ್ಟು ದೊಡ್ಡದೆಂಬುದನ್ನು ಸಾರುವ ಅಲ್‌ಮಾಇದ ಅಧ್ಯಾಯದ 32ನೆಯ ಸೂಕ್ತವನ್ನು ನಾವು ಸಭೆಗಳಲ್ಲಿ ಹೆಮ್ಮೆಯಿಂದ ಓದುತ್ತೇವೆ. ಅದನ್ನು ತೀವ್ರ ನಿಗಾ ಘಟಕದ ಬಾಗಿಲಲ್ಲೂ ನೆನಪಿಸಿಕೊಳ್ಳಬೇಕಾಗಿದೆ.

ಆ ಬಾಗಿಲಲ್ಲಿ ನಿಂತು ಮೊದಲ ಬಾರಿಗೆ ಯೋಚಿಸುವುದು ಬಹಳ ಕಷ್ಟ. ಆದ್ದರಿಂದ ಕೆಲವು ವಿಷಯಗಳನ್ನು ಮನೆಯಲ್ಲಿ ಮೊದಲೇ ತಿಳಿದಿರುವುದು ಒಳ್ಳೆಯದು. ಕಾಯಿದೆಯ ಪ್ರಕಾರ ಮಿದುಳು ಸಾವನ್ನು ನಾಲ್ವರು ವೈದ್ಯರ ತಂಡ ದೃಢೀಕರಿಸಬೇಕು. ಕನಿಷ್ಠ 6 ಗಂಟೆಗಳ ಅಂತರದಲ್ಲಿ ಎರಡು ಬಾರಿ ಪರೀಕ್ಷೆ ನಡೆಯಬೇಕು. ಕಸಿ ಮಾಡುವ ವೈದ್ಯರು ಆ ತಂಡದಲ್ಲಿರುವಂತಿಲ್ಲ. ಪ್ರತಿಜ್ಞಾಪತ್ರ ಬರೆದಿಟ್ಟಿದ್ದರೂ ಆ ಹೊತ್ತಿನಲ್ಲಿ ಮನೆಯವರ ಒಪ್ಪಿಗೆ ಕೇಳುತ್ತಾರೆ. ಅಂಗಗಳನ್ನು ತೆಗೆದ ಬಳಿಕ ಗಾಯವನ್ನು ಹೊಲಿದು ದೇಹವನ್ನು ಗೌರವದಿಂದ ಮರಳಿಸುತ್ತಾರೆ. ಸ್ನಾನ, ಕಫನ್, ಜನಾಝ ನಮಾಝ್ ಯಾವುದಕ್ಕೂ ಅಡ್ಡಿಯಿಲ್ಲ. ದಫನ ಸ್ವಲ್ಪ ತಡವಾಗಬಹುದು, ನಿಜ. ಆದರೆ ರಸ್ತೆ ಅಪಘಾತದ ಪ್ರಕರಣಗಳಲ್ಲಿ ಮರಣೋತ್ತರ ಪರೀಕ್ಷೆಗೆ ಹೇಗೂ ಸಮಯ ಬೇಕಾಗುತ್ತದೆ.

ನಮ್ಮ ಮನೆಯಲ್ಲಿ ಉಮ್ಮನ ಪ್ರಶ್ನೆಗೆ ಎಲ್ಲರೂ ಒಂದೇ ಉತ್ತರ ಕೊಟ್ಟಿಲ್ಲ. ನಾವು ಮತ್ತು ಅಣ್ಣ ಖತೀಬರೊಂದಿಗೆ ಸಮಾಲೋಚಿಸಿ ನಮ್ಮ ಒಪ್ಪಿಗೆಯನ್ನು ಬರೆದು, ಮಕ್ಕಳಿಗೂ ತಿಳಿಸಿದ್ದೇವೆ. ತಂಗಿಗೆ ಮಿದುಳು ಸಾವಿನ ವಿಷಯದಲ್ಲಿ ಇನ್ನೂ ಸಮಾಧಾನವಿಲ್ಲ. ಅವಳು ತಾನು ನಂಬುವ ವಿದ್ವಾಂಸರನ್ನು ಕೇಳಿ ತೀರ್ಮಾನಿಸುವುದಾಗಿ ಹೇಳಿದ್ದಾಳೆ. ಅವಳ ಎಚ್ಚರಿಕೆಯೂ ಅಮಾನತ್‌ನ ಪ್ರಜ್ಞೆಯೇ. ಉಮ್ಮ ಮಾತ್ರ ನಗುತ್ತಾ, "ನನ್ನದು ಹಳೆಯ ಸಾಮಾನು, ಯಾರಿಗಾದರೂ ಪ್ರಯೋಜನಕ್ಕೆ ಬಂದರೆ ಕಣ್ಣನ್ನಾದರೂ ತೆಗೆದುಕೊಳ್ಳಲಿ" ಎಂದರು.

ಪ್ರಿಯ ಬಂಧುಗಳೇ, ನಿಮ್ಮ ಮನೆಯಲ್ಲೂ ಈ ಮಾತುಕತೆ ನಡೆಯಲಿ. ತೀರ್ಮಾನ ಏನೇ ಇರಲಿ, ಅದು ಅಜ್ಞಾನದಿಂದಲೋ ಭಯದಿಂದಲೋ ಹುಟ್ಟಿದ್ದಾಗಿರದೆ, ತಿಳಿವಳಿಕೆಯಿಂದ ಮತ್ತು ಅಲ್ಲಾಹನ ಮುಂದೆ ಉತ್ತರಿಸಬೇಕಾದ ಎಚ್ಚರದಿಂದ ಹುಟ್ಟಿದ್ದಾಗಿರಲಿ. ಪಡೆಯುವ ಹಕ್ಕನ್ನು ಕೇಳುವವರು ಕೊಡುವ ಹೊಣೆಯನ್ನೂ ಚರ್ಚಿಸಲಿ. ಸರದಿಯಲ್ಲಿ ನಿಂತವರು ಪಕ್ಕದವನ ಸರದಿಯನ್ನೂ ಕಾಯಲಿ.

ರೋಗಿಗಳಿಗೆ ಶಿಫಾ ನೀಡುವ ಅಲ್ಲಾಹನು ಕಾಯುತ್ತಿರುವ ಎಲ್ಲರಿಗೂ, ಅವರು ಯಾವ ಧರ್ಮದವರೇ ಆಗಿರಲಿ, ಆರೋಗ್ಯವನ್ನು ದಯಪಾಲಿಸಲಿ. ತಮ್ಮ ದುಃಖದ ಗಳಿಗೆಯಲ್ಲಿ ಅಪರಿಚಿತರ ಬದುಕನ್ನು ನೆನೆದ ಎಲ್ಲ ಕುಟುಂಬಗಳ ತ್ಯಾಗಕ್ಕೆ ಅವನು ಉತ್ತಮ ಪ್ರತಿಫಲ ನೀಡಲಿ. ನಮ್ಮ ದೇಹಗಳೆಂಬ ಅಮಾನತನ್ನು ಸರಿಯಾಗಿ ಮರಳಿಸುವ ಭಾಗ್ಯವನ್ನು ನಮಗೆಲ್ಲ ಕರುಣಿಸಲಿ. ಆಮೀನ್.